ಮೂರು ಮೆಟ್ಟಿಲು ಹತ್ತಿ, ಅರ್ಧ ಮೆಟ್ಟಿಲು ಇಳಿದು

ಚನ್ನಪಟ್ಟಣದ ಹಳೇ ಹೆದ್ದಾರಿಯಲ್ಲಿ ನಮ್ಮದೊಂದು ಬೊಂಬೆ ಅಂಗಡಿ ಇದೆ. ನಾನು ಚಿಕ್ಕವಳಿದ್ದಾಗ ಅದಕ್ಕೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಹೈಸ್ಕೂಲಿಗೆ ಬರುವ ಹೊತ್ತಿಗೆ ಎರಡಾದವು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ವರ್ಷ ಒಂದೇ ಉಳಿದಿತ್ತು. ಈಗ ರಸ್ತೆಯಿಂದ ಅಂಗಡಿಗೆ ಅರ್ಧ ಮೆಟ್ಟಿಲು ಇಳಿಯಬೇಕು.

ಮೆಟ್ಟಿಲು ಯಾರೂ ಒಡೆಯಲಿಲ್ಲ, ಅಂಗಡಿಯೂ ಕುಸಿಯಲಿಲ್ಲ. ರಸ್ತೆಯೇ ಮೇಲೆ ಬಂತು. ಹಳೇ ಟಾರಿನ ಮೇಲೆ ಜಲ್ಲಿ, ಜಲ್ಲಿ ಮೇಲೆ ಹೊಸ ಟಾರು, ಕೆಲವು ವರ್ಷ ಬಿಟ್ಟು ಮತ್ತೆ ಅದೇ. ಲೆಕ್ಕ ಹಾಕಿದರೆ ನನ್ನ ಆಯಸ್ಸಿನಲ್ಲಿ ನಮ್ಮ ಬೀದಿ ಹತ್ತಿರ ಹತ್ತಿರ ಎರಡು ಅಡಿ ಬೆಳೆದಿದೆ. ಮಳೆ ಬಂದರೆ ನೀರು ನೇರ ಒಳಗೆ. ಅಪ್ಪ ಬಾಗಿಲಿಗೆ ಅಡ್ಡ ಒಂದು ಹಲಗೆ, ಎರಡು ಮರಳಿನ ಚೀಲ ಇಟ್ಟುಕೊಂಡು ಆಕಾಶ ನೋಡುತ್ತಾ ಕೂರುತ್ತಾರೆ.

ಹೋದ ವರ್ಷ ಅಂಗಡಿ ಮುಂದೆ ಪೈಪಿಗೆ ಅಂತ ಕಾಲುವೆ ಅಗೆದರು. ವರ್ಕ್ ಫ್ರಂ ಹೋಮ್ ನೆಪದಲ್ಲಿ ನಾನೂ ಊರಲ್ಲೇ ಇದ್ದೆ. ಎರಡು ಮೀಟಿಂಗ್ ನಡುವೆ ಹೊರಗೆ ಬಂದು ಗುಂಡಿ ಇಣುಕಿದೆ. ಪದರಪದರವಾಗಿ ಕತ್ತರಿಸಿದ ಕೇಕಿನ ಹಾಗಿತ್ತು. ಮೇಲೊಂದು ಕಪ್ಪು ಪದರ, ಕೆಳಗೆ ಜಲ್ಲಿ, ಮತ್ತೆ ಕಪ್ಪು, ಮತ್ತೆ ಜಲ್ಲಿ, ಅದರ ಕೆಳಗೆ ಕೆಂಪು ಮಣ್ಣು. ಗುಂಡಿಯ ಅಂಗಡಿ ಕಡೆಯ ಅಂಚಿನಲ್ಲಿ ಒಂದು ಚಪ್ಪಡಿ ಕಲ್ಲಿನ ಮೂಲೆ ಹೊರಗೆ ಚಾಚಿತ್ತು. ನೋಡುತ್ತಿದ್ದ ಹಾಗೇ ಗುರುತು ಸಿಕ್ಕಿತು. ಅದು ನಮ್ಮ ಅಂಗಡಿಯ ಮೊದಲನೇ ಮೆಟ್ಟಿಲು. ಅದರ ಮೇಲೆ ಕೂತು ನಾನು ಎಷ್ಟು ಐಸ್‌ಕ್ಯಾಂಡಿ ತಿಂದಿಲ್ಲ!

ಅದರ ಪಕ್ಕದ ಮಣ್ಣಲ್ಲಿ ಹಸಿರು ಗಾಜಿನ ಬಳೆ ಚೂರೊಂದು ಹೊಳೆಯುತ್ತಿತ್ತು. ಇತಿಹಾಸವೇ ಕೈಗೆ ಸಿಕ್ಕಿತು ಅನ್ನೋ ಹಾಗೆ ತೆಗೆದು ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಅದು ಹೋದ್ ವರ್ಷದ್ ಜಾತ್ರೆ ಬಳೆ ಕಣವ್ವಾ. ತಕ್ಕೊಂಡೋಗಿ ಮ್ಯೂಸಿಯಂಗೆ ಕೊಟ್‌ಬುಟ್ಟೀಯ!" ಅಂದರು. ಸಂಜೆಗೆ ಗುಂಡಿ ಮುಚ್ಚಿದರು. ಮೆಟ್ಟಿಲು ಮತ್ತೆ ಒಳಗೆ ಹೋಯಿತು.

ಅದೇ ವಾರ ನಮ್ಮ ಟೀಮಿನವಳೊಬ್ಬಳು ಎಡಿನ್‌ಬರ್ಗ್ ಪ್ರವಾಸ ಮುಗಿಸಿ ಬಂದಿದ್ದಳು. ಫೋಟೋ ತೋರಿಸುತ್ತಾ, "ಇಲ್ಲಿ ನೆಲದಡಿಯಲ್ಲಿ ಒಂದು ಬೀದಿಯೇ ಇದೆ, ಟಿಕೆಟ್ ಕೊಟ್ಟು ಇಳಿಯಬೇಕು" ಅಂದಳು. ಅದರ ಹೆಸರು ಮೇರಿ ಕಿಂಗ್ಸ್ ಕ್ಲೋಸ್. ಎಡಿನ್‌ಬರ್ಗಿನಲ್ಲಿ ಕ್ಲೋಸ್ ಅಂದರೆ ಓಣಿ, ನಮ್ಮ ಪೇಟೆಗಳ ಸಂದಿ ಇದ್ದ ಹಾಗೆ. 1753ರಲ್ಲಿ ಅಲ್ಲಿ ವ್ಯಾಪಾರಸ್ಥರಿಗಾಗಿ ದೊಡ್ಡ ಕಟ್ಟಡವೊಂದನ್ನು ಶುರು ಮಾಡಿದಾಗ ಓಣಿಯ ಮನೆಗಳ ಮೇಲಿನ ಅಂತಸ್ತುಗಳನ್ನು ಕೆಡವಿದರು, ಕೆಳಗಿನವನ್ನು ಹಾಗೇ ಬಿಟ್ಟು ಅಡಿಪಾಯ ಮಾಡಿಕೊಂಡರು. ಓಣಿ ಕತ್ತಲಲ್ಲಿ ಹಾಗೇ ಉಳಿಯಿತು. ಅಮೆರಿಕದ ಸಿಯಾಟಲ್‌ನಲ್ಲೂ 1889ರ ಬೆಂಕಿ ಅನಾಹುತದ ನಂತರ ರಸ್ತೆಗಳನ್ನು ಎತ್ತರಿಸಿದಾಗ ಅಂಗಡಿಗಳ ನೆಲದ ಅಂತಸ್ತೇ ನೆಲಮಾಳಿಗೆಯಾಗಿ ಹೋಯಿತು. ಅಲ್ಲೂ ಈಗ ಟಿಕೆಟ್ಟು, ಗೈಡು, ಟೂರು.

"ನಿಮ್ಮ ಕಡೆ ಇಂಥದ್ದು ಏನಾದ್ರೂ ಇದೆಯಾ?" ಅಂತ ಕೇಳಿದಳು. ಇಲ್ಲ ಅಂದೆ. ಆಮೇಲೆ ರಾತ್ರಿ ಮಲಗಿದಾಗ ಆ ಮೆಟ್ಟಿಲು ನೆನಪಾಯಿತು. ಜೊತೆಗೆ, ನಮ್ಮ ಪಕ್ಕದ ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ ಅನ್ನೋದೂ ನೆನಪಾಗಿ ಒಬ್ಬಳೇ ನಕ್ಕೆ. ಅವರ ಕ್ಲೋಸು ಓಣಿ, ನಮ್ಮ ಕ್ಲೋಸು ಒಬ್ಬ ಮನುಷ್ಯ. ಆದರೆ ಎರಡೂ ಮುಚ್ಚಿಹೋಗಿವೆ. ಅವತ್ತಿಂದ ಸಿಕ್ಕಿದ ಹಳೇ ಗ್ಯಾಸೆಟಿಯರ್, ಪುಸ್ತಕ ಓದುತ್ತಾ, ವೀಕೆಂಡಿಗೆ ಊರೂರು ಸುತ್ತುತ್ತಾ ಇದ್ದೇನೆ. ಇದು ಅದರ ವರದಿ.

ಮೊದಲು ಬೆಂಗಳೂರಿನವರಿಗೆ ಒಂದು ಪ್ರಶ್ನೆ. ಮಾಗಡಿ ಅಂದರೆ ನಿಮಗೆ ಏನು ನೆನಪಾಗುತ್ತೆ? ಮಾಗಡಿ ರೋಡ್ ಮೆಟ್ರೊ ಸ್ಟೇಷನ್. ಕನಕಪುರ ಅಂದರೆ? ಕನಕಪುರ ರೋಡ್, ಅಪಾರ್ಟ್‌ಮೆಂಟ್, ಟ್ರಾಫಿಕ್ಕು. ರಾಮನಗರ, ಚನ್ನಪಟ್ಟಣ ಅಂದರೆ ಮೈಸೂರು ರೋಡಿನಲ್ಲಿ "ಬಂತು, ಹೋಯ್ತು" ಅನ್ನುವ ಎರಡು ಬೋರ್ಡು. ನನ್ನ ಆಫೀಸಿನಲ್ಲಿ ಈ ಪ್ರಶ್ನೆ ಕೇಳಿ ನೋಡಿದ್ದೇನೆ. ಮಾಗಡಿ ಅನ್ನೋದು ಊರು, ಅಲ್ಲಿಗೆ ಹೋಗುವುದರಿಂದ ಆ ರಸ್ತೆಗೆ ಆ ಹೆಸರು ಅಂತ ಹೇಳಿದಾಗ ಒಬ್ಬ ಹುಡುಗ ನಿಜವಾಗಿ ಆಶ್ಚರ್ಯಪಟ್ಟ. ಅವನನ್ನು ಬೈಯ್ಯೋಕೆ ಆಗಲ್ಲ. ಬೆಂಗಳೂರಿಗೇ ತನ್ನ ಹಳೇ ಬೀದಿ ಮರೆತಿದೆ. ಅವೆನ್ಯೂ ರೋಡ್ ಒಂದು ಕಾಲದಲ್ಲಿ ದೊಡ್ಡಪೇಟೆ. 2012ರಲ್ಲಿ ಮಾರ್ಕೆಟ್ ಹತ್ತಿರ ಮೆಟ್ರೊಗೆ ಅಗೆಯುವಾಗ ಹಳೇ ಕೋಟೆಯ ಫಿರಂಗಿಗಳು ಮಣ್ಣಿನಿಂದ ಎದ್ದು ಬಂದವು. ಪೇಪರಿನಲ್ಲಿ ಎರಡು ದಿನ ಸುದ್ದಿ, ಆಮೇಲೆ ಮತ್ತೆ ಕಾಮಗಾರಿ.

ಊರು ರಸ್ತೆಯ ಹೆಸರಾಗಿ ಬಿಡೋದು ಕೂಡ ಒಂದು ಬಗೆಯ ಹೂಳುವಿಕೆಯೇ ಅಂತ ನನಗೆ ಅನಿಸತೊಡಗಿದ್ದು ಆಗ.

ನಮ್ಮೂರಿಂದಲೇ ಶುರು ಮಾಡುತ್ತೇನೆ. ಚನ್ನಪಟ್ಟಣದ ಕೋಟೆ ಕಟ್ಟಿಸಿದ್ದು ಜಗದೇವರಾಯ, 1580ರ ಸುಮಾರಿಗೆ. ವಿಜಯನಗರದ ಅರಸರು ಪೆನುಕೊಂಡೆಯಲ್ಲಿ ಇದ್ದ ಕಾಲ ಅದು. ಪೆನುಕೊಂಡೆಯನ್ನು ಶತ್ರುಗಳಿಂದ ಕಾಪಾಡಿದ್ದಕ್ಕೆ ಜಗದೇವರಾಯನಿಗೆ ದೊಡ್ಡ ಸೀಮೆಯೇ ಉಂಬಳಿಯಾಗಿ ಬಂತು. ಅವನು ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡ. ಅವನ ಮನೆತನದ ಆಳ್ವಿಕೆ ಇದ್ದದ್ದು ಐವತ್ತೇ ವರ್ಷ. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಊರನ್ನು ಗೆದ್ದರು.

ಕೋಟೆಯಲ್ಲಿ ಅಧಿಕಾರ, ಪೇಟೆಯಲ್ಲಿ ಕಸುಬು. ಆ ಕಾಲದ ಊರುಗಳೆಲ್ಲ ಹೀಗೇ. ನಮ್ಮೂರಿನ ಕಸುಬಿನ ಬೀದಿಗಳಿಗೆ ಶುಕ್ರವಾರಪೇಟೆ ಅಂತ ಹೆಸರು. ಕೋಟೆಗೆ ಈಶಾನ್ಯಕ್ಕೆ ಇದ್ದ ಈ ಪೇಟೆಯ ಬಗ್ಗೆ ನೂರು ವರ್ಷಕ್ಕೂ ಹಿಂದಿನ ಗ್ಯಾಸೆಟಿಯರ್‌ಗಳು ಮೂರು ವಸ್ತು ಹೆಸರಿಸುತ್ತವೆ. ಒಂದು, ಅರಗಿನ ಬಣ್ಣದ ಬೊಂಬೆ, ಆಟಿಕೆ. ಇದು ನಿಮಗೂ ಗೊತ್ತು. ಎರಡು, ಗಾಜಿನ ಬಳೆ. ಮೂರನೆಯದು ಕೇಳಿ ನಾನೇ ಬೆಚ್ಚಿದೆ: ಸಂಗೀತ ವಾದ್ಯಗಳಿಗೆ ಹಾಕುವ ಉಕ್ಕಿನ ತಂತಿ.

ಹೌದು, ವೀಣೆ ತಂತಿ. 1800ರಲ್ಲಿ ಈ ದಾರಿಯಲ್ಲಿ ಹೋದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಕೂಡ ನಮ್ಮೂರ ಗಾಜು, ತಂತಿ ಎರಡನ್ನೂ ಬರೆದಿಟ್ಟಿದ್ದಾನೆ. ಕುಲುಮೆಯಲ್ಲಿ ಉಕ್ಕು ಕಾಯಿಸಿ, ಬಡಿದು ಸಲಾಕೆ ಮಾಡಿ, ತೂತುಗಳಿರುವ ಕಬ್ಬಿಣದ ಪಟ್ಟಿಯಲ್ಲಿ ತೂರಿಸಿ ಎಳೆಯಬೇಕು. ದೊಡ್ಡ ತೂತಿನಿಂದ ಸಣ್ಣದಕ್ಕೆ, ಅಲ್ಲಿಂದ ಇನ್ನೂ ಸಣ್ಣದಕ್ಕೆ, ಕೂದಲಿನ ಹಾಗಾಗುವ ತನಕ. ಈ ತಂತಿ ದೂರದೂರದ ಊರುಗಳಿಗೆ ಹೋಗುತ್ತಿತ್ತು. ಎಲ್ಲೋ ಯಾವುದೋ ದೇವಸ್ಥಾನದಲ್ಲಿ, ಯಾರದೋ ಮನೆಯ ಪಡಸಾಲೆಯಲ್ಲಿ ನುಡಿದ ವೀಣೆಯ ನಾದ ನಮ್ಮೂರಿನ ಒಂದು ಬೀದಿಯಿಂದ ಹೊರಟದ್ದು.

ಆ ಬೀದಿ ಹುಡುಕಿಕೊಂಡು ಹೋದೆ. ವಯಸ್ಸಾದವರನ್ನು ಕೇಳಿದೆ. ಬೊಂಬೆ ಅಂದರೆ ಎಲ್ಲರೂ ಕೈ ತೋರಿಸುತ್ತಾರೆ. ತಂತಿ ಅಂದರೆ, "ಕೇಬಲ್ಲಾ? ಎಲೆಕ್ಟ್ರಿಕ್ಕಾ?" ಅಂತ ಕೇಳುತ್ತಾರೆ. ಕಾರ್ಖಾನೆಯ ತಂತಿ ಅಗ್ಗಕ್ಕೆ ಬಂದ ಮೇಲೆ ಕುಲುಮೆ ಆರಿತು, ಆಮೇಲೆ ಮಾತಿನಿಂದಲೂ ಹೋಯಿತು. ಬೊಂಬೆ ಮಾತ್ರ ಉಳಿಯಿತು. ಹಾಲೆ ಮರ ಸುತ್ತಮುತ್ತ ಸಿಗುತ್ತಿತ್ತು, ಅರಗಿನ ಬಣ್ಣ ಅಂಟುತ್ತಿತ್ತು, ಇದೆಲ್ಲ ಸರಿ. ಆದರೆ ಅಪ್ಪನ ಪ್ರಕಾರ ಕಾರಣ ಇನ್ನೂ ಒಂದಿದೆ. "ವೀಣೆ ತಂತಿ ದಾರೀಲಿ ಹೋಗೋರು ತಗೋತಾರಾ? ಬೊಂಬೆ ತಗೋತಾರೆ. ಮಗು ಅಳ್ತಿದ್ರೆ ಬಸ್ ನಿಲ್ಲಿಸ್ ತಗೋತಾರೆ." ಈ ಮಾತನ್ನು ಮನಸ್ಸಲ್ಲಿ ಇಟ್ಟುಕೊಂಡಿರಿ. ಇಡೀ ಕಥೆ ಇರೋದು ಅಲ್ಲೇ. ದಾರೀಲಿ ಹೋಗುವವರು ನಿಲ್ಲುತ್ತಾರಾ, ಇಲ್ಲವಾ?

ಯಾಕೆಂದರೆ, ದಾರಿ ಪಕ್ಕ ಇರೋದು ಯಾವಾಗಲೂ ಲಾಭ ಅಂತ ಏನಿಲ್ಲ. ಅದನ್ನು ಕನಕಪುರದವರನ್ನು ಕೇಳಬೇಕು.

ಕನಕಪುರದ ಹಳೇ ಹೆಸರು ಕಾನಕಾನಹಳ್ಳಿ. ಅರ್ಕಾವತಿ ದಂಡೆಯ ಊರು. ಅಲ್ಲೂ ಜಗದೇವರಾಯ ಕಟ್ಟಿಸಿದ ಕೋಟೆ ಇತ್ತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮುಂದಿನ ಗುರಿ ಶ್ರೀರಂಗಪಟ್ಟಣ. ನೇರ ದಾರಿ ಚನ್ನಪಟ್ಟಣದ ಮೇಲೆ. ಆದರೆ ಅಲ್ಲಿ ಟಿಪ್ಪು ಸುಲ್ತಾನ್ ಕಾವಲು ಬಿಗಿ ಮಾಡಿದ್ದ. ಹಾಗಾಗಿ ಮೇ ತಿಂಗಳಲ್ಲಿ ಕಂಪನಿ ಸೈನ್ಯ ಕಾನಕಾನಹಳ್ಳಿ ಕಡೆಯ ಸುತ್ತು ದಾರಿ ಹಿಡಿಯಿತು. ಈಗ ನಾವು ಮೈಸೂರು ರೋಡ್ ಜಾಮ್ ಆದರೆ ಕನಕಪುರದ ಮೇಲೆ ಹೋಗಲ್ವಾ, ಅದೇ ಲೆಕ್ಕ. ಟಿಪ್ಪುವಿನ ಉತ್ತರವೂ ಸರಳವಾಗಿತ್ತು. ಶತ್ರುವಿಗೆ ಹುಲ್ಲು, ಕಾಳು, ಗೋಡೆಯ ಆಸರೆ ಏನೂ ಸಿಗಬಾರದು. ದಾರಿಯುದ್ದಕ್ಕೂ ಮೇವು ಸುಟ್ಟರು. ಇಂಗ್ಲಿಷರಿಗೆ ಉಪಯೋಗಕ್ಕೆ ಬರಬಾರದು ಅಂತ ಕಾನಕಾನಹಳ್ಳಿಯ ಕೋಟೆಯನ್ನು ಅವನೇ ಎರಡು ಸಲ ಕೆಡವಿಸಿದ ಅಂತ ಗ್ಯಾಸೆಟಿಯರ್ ಹೇಳುತ್ತೆ.

ಎರಡು ಸಲ! ಅಂದರೆ ಕೆಡವಿದ ಮೇಲೆ ಊರವರು ಮತ್ತೆ ಎಬ್ಬಿಸಿಕೊಂಡಿದ್ದಾರೆ. ಯುದ್ಧದ ಪುಸ್ತಕಗಳಲ್ಲಿ ಸೈನ್ಯ ಎಷ್ಟು ದಿನಕ್ಕೆ ಎಲ್ಲಿಗೆ ತಲುಪಿತು ಅಂತ ಇರುತ್ತೆ. ಮೊದಲ ಸಲ ಗೋಡೆ ಬಿದ್ದಾಗ, ಸುಟ್ಟ ಹೊಲದ ಮಧ್ಯೆ ನಿಂತು "ಮತ್ತೆ ಕಟ್ಟೋಣ" ಅಂದವರು ಯಾರು ಅಂತ ಇರಲ್ಲ.

ಇನ್ನು ಮಾಗಡಿ. ಬೆಂಗಳೂರಿಗೆ ಮಾಗಡಿ ಈಗ ಒಂದು ರಸ್ತೆ, ಆದರೆ ಮಾಗಡಿ ಒಂದು ಕಾಲಕ್ಕೆ ಬೆಂಗಳೂರಿನ ಬದಲಿ ರಾಜಧಾನಿ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಗೆ ಬಂದರು. ಅಲ್ಲಿಂದ ಮುಂದೆ ಸುಮಾರು 90 ವರ್ಷ ಅವರ ಆಳ್ವಿಕೆ ನಡೆದದ್ದು ಮಾಗಡಿಯಿಂದಲೇ. ಸೋಮೇಶ್ವರ ದೇವಸ್ಥಾನ, ಕೋಟೆ ಎಲ್ಲ ಆ ಕಾಲದ ಗುರುತು. ಬೆನ್ನ ಹಿಂದೆ ಸಾವನದುರ್ಗ ಇತ್ತು. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗ ಎರಡನ್ನೂ ಗೆದ್ದರು. ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿಯೇ ಸತ್ತ. ಮುಂದೆ 1791ರ ಡಿಸೆಂಬರ್ 21ರಂದು ಅದೇ ಸಾವನದುರ್ಗವನ್ನು ಕಂಪನಿ ಸೈನ್ಯ ಫಿರಂಗಿ ಹೊಡೆದು ಹಿಡಿಯಿತು. ಈಗ ನಾವು ಅಲ್ಲಿಗೆ ಸೂರ್ಯೋದಯದ ಟ್ರೆಕ್ಕಿಗೆ ಹೋಗುತ್ತೇವೆ. ಕೈ ಇಟ್ಟು ಹತ್ತುವ ಗೋಡೆಯ ತುಂಡು ಕೋಟೆಯದು ಅಂತ ಗೊತ್ತಾಗೋದು ಇಳಿಯುವಾಗ, ಅದೂ ಯಾರಾದರೂ ಹೇಳಿದರೆ.

ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಅಂತ 2015ರಲ್ಲಿ ಗುರುತಿಸಿದ ಗುಡಿಯಂಥ ಪುಟ್ಟ ಕಲ್ಲಿನ ಕಟ್ಟಡವೂ ಇರೋದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ವಿಮಾನ ನಿಲ್ದಾಣಕ್ಕೆ ಹೆಸರು, ಬಸ್ ನಿಲ್ದಾಣಕ್ಕೆ ಹೆಸರು, ಮೆಜೆಸ್ಟಿಕ್ಕಿನಲ್ಲಿ ರಸ್ತೆಗೆ ಹೆಸರು. ಮನುಷ್ಯ ಮಾತ್ರ ಮಾಗಡಿ ಕಡೆಯ ಹಳ್ಳಿಯಲ್ಲಿ, ಯಾರಿಗೂ ನೆನಪಿಲ್ಲದೆ, ಇಷ್ಟು ಕಾಲ.

ಹೀಗೆ ಈ ನಾಲ್ಕು ಊರಿನ ಸೀಮೆ 1800ರ ಹೊತ್ತಿಗೆ ಯುದ್ಧಗಳಿಂದ ಸೊರಗಿತ್ತು. ಟಿಪ್ಪು 1799ರಲ್ಲಿ ತೀರಿಕೊಂಡ. ಮೈಸೂರಿನಲ್ಲಿ ಪೂರ್ಣಯ್ಯ ದಿವಾನರಾದರು. ಬೆಂಗಳೂರು–ಮೈಸೂರು ದಾರಿಯ ನಡುವೆ ರಾಮಗಿರಿ ಬೆಟ್ಟಗಳ ಹತ್ತಿರ ದಟ್ಟ ಕಾಡು. ಅಲ್ಲಿ ಪ್ರಯಾಣಿಕರಿಗೆ ಭಯ. ಈ ಸಮಸ್ಯೆಗೆ ಪೂರ್ಣಯ್ಯ ಕಂಡುಕೊಂಡ ಪರಿಹಾರ ನನಗೆ ತುಂಬಾ ಇಷ್ಟ. ಅವರು ಕಾವಲು ಠಾಣೆ ಮಾತ್ರ ಇಟ್ಟು ಸುಮ್ಮನಾಗಲಿಲ್ಲ, ಅಲ್ಲಿ ಒಂದು ಪೇಟೆ ಕಟ್ಟಿಸಿದರು. ಜನ ಇದ್ದರೆ, ಅಂಗಡಿ ಇದ್ದರೆ, ರಾತ್ರಿ ದೀಪ ಇದ್ದರೆ ದಾರಿ ತಾನಾಗೇ ಕ್ಷೇಮ. 1800ರಲ್ಲಿ ಹುಟ್ಟಿದ ಆ ಊರಿಗೆ ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿಟ್ಟರು, ಕ್ಲೋಸ್‌ಪೇಟೆ. ಜನ ಕರೆದದ್ದು ಹೊಸಪೇಟೆ, ನವೀನಪೇಟೆ ಅಂತ. ಅದಕ್ಕೂ ಮುಂಚೆ ಟಿಪ್ಪು ಕಾಲದಲ್ಲಿ ಆ ಜಾಗಕ್ಕೆ ಶಂಶೇರಾಬಾದ್ ಎಂಬ ಹೆಸರಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿನವರೇ ಆದ ಕೆಂಗಲ್ ಹನುಮಂತಯ್ಯನವರಿಂದ ಅದು ರಾಮನಗರವಾಯಿತು.

ಕ್ಲೋಸ್‌ಪೇಟೆ ಅನ್ನೋ ಹೆಸರು ಬೋರ್ಡುಗಳಿಂದ ಹೋಯಿತು. ಆದರೆ ಬಂಡೆಯಿಂದ ಹೋಗಲಿಲ್ಲ. ರಾಮನಗರದ ಆ ಗುಲಾಬಿ–ಬೂದು ಬಂಡೆಗಳಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಹೆಸರಿಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. ಇಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರು ಪಟ್ಟೆಯ ಹಾಗೆ ಹರಡಿದೆ. ಊರು ಬಿಟ್ಟ ಹೆಸರನ್ನು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳು ಇಟ್ಟುಕೊಂಡಿವೆ. ನಮ್ಮ ಅಂಗಡಿಯ ಮುಚ್ಚಿಹೋದ ಮೆಟ್ಟಿಲು ಸುತ್ತಮುತ್ತಲಿನ ಇದೇ ಕಲ್ಲು. ಅದನ್ನು ಮುಚ್ಚಿದ ಜಲ್ಲಿಯೂ ಅದೇ.

ರಾಮನಗರದ ಬಗ್ಗೆ ಮಾತಾಡಿ ಶೋಲೆ ಬಿಡೋಕೆ ಆಗಲ್ಲ. 1973ರಲ್ಲಿ ಶುರುವಾದ ಶೂಟಿಂಗಿಗೆ ರಾಮದೇವರ ಬೆಟ್ಟದ ತಪ್ಪಲಲ್ಲಿ ರಾಮ್‌ಗಢ ಅನ್ನೋ ಇಡೀ ಹಳ್ಳಿಯನ್ನು ಕಟ್ಟಿದರು. ಮನೆ, ಬೀದಿ, ನೀರಿನ ಟ್ಯಾಂಕು ಎಲ್ಲ. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯೂ ಆಯಿತು. 1975ರಲ್ಲಿ ಸಿನಿಮಾ ಬಂತು. ಸೆಟ್ಟನ್ನು ಕಿತ್ತರು. ಐವತ್ತು ವರ್ಷವಾದರೂ ಜನ ಈಗಲೂ ಬಂದು "ಗಬ್ಬರ್ ಕೂತಿದ್ದ ಬಂಡೆ ಎಲ್ಲಿ, ರಾಮ್‌ಗಢ ಎಲ್ಲಿ" ಅಂತ ಕೇಳುತ್ತಾರೆ. ಈ ಜಿಲ್ಲೆಯಲ್ಲಿ ಜನ ಹುಡುಕಿಕೊಂಡು ಬರುವ ಕಳೆದುಹೋದ ಬೀದಿ ಯಾವುದಾದರೂ ಇದ್ದರೆ ಅದು ಇದೊಂದೇ, ಯಾರೂ ವಾಸ ಮಾಡದ ಬೀದಿ! ತಂತಿ ಎಳೆದವರ ಬೀದಿ ಕೇಳಿ ಯಾರೂ ಬರಲ್ಲ. ಅದರಲ್ಲಿ ಜನರ ತಪ್ಪೇನಿಲ್ಲ ಅನ್ನಿ. ಕಥೆ ಹೇಳಿದವರ ಬೀದಿ ನೆನಪಿರುತ್ತೆ.

ಪೂರ್ಣಯ್ಯ ಕಟ್ಟಿಸಿದ ಪೇಟೆಯ ಲೆಕ್ಕಾಚಾರ ಮುಂದೆ ಇನ್ನೂರು ವರ್ಷ ನಡೆಯಿತು. ದಾರಿಗೆ ಊರು ಬೇಕು, ಊರಿಗೆ ದಾರಿ ಬೇಕು. 1882ರ ಹೊತ್ತಿಗೆ ಬೆಂಗಳೂರಿಂದ ಮೈಸೂರಿನವರೆಗೆ ರೈಲು ಬಂತು. ರೈಲೂ ಊರಲ್ಲಿ ನಿಲ್ಲುತ್ತಿತ್ತು. ಆಮೇಲೆ ಬಸ್ಸು, ಕಾರು. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಲ್ಲಿ ವಡೆ. ಇವೆಲ್ಲ ಬೇರೆ ಬೇರೆ ಊರಿನ ವಿಶೇಷ ಅಂತ ನಾವು ಹೇಳುತ್ತೇವೆ. ಒಂದು ರೀತಿಯಲ್ಲಿ ನೋಡಿದರೆ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸೋಕೆ ಊರುಗಳು ಹೂಡಿದ ಉಪಾಯಗಳು ಅವು. ನಮ್ಮ ತಾತ ಅಂಗಡಿಗೆ ಮೂರು ಮೆಟ್ಟಿಲು ಇಡಿಸಿದ್ದೂ ಅದಕ್ಕೇ ಅಂತೆ, ಬಸ್ಸಿನ ಕಿಟಕಿಯಲ್ಲಿ ಕೂತವರ ಕಣ್ಣಿಗೆ ಬೊಂಬೆ ಸಮನಾಗಿ ಕಾಣಲಿ ಅಂತ.

ರಸ್ತೆ ನಾಲ್ಕು ಪಥ ಆದಾಗ ಎದುರು ಸಾಲಿನ ಅಂಗಡಿಗಳ ಜಗಲಿ ಹೋದವು. ನಮ್ಮ ಸಾಲು ಉಳಿಯಿತು. ಆಮೇಲೆ 2023ರ ಮಾರ್ಚ್ 12ರಂದು ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿಲೋಮೀಟರು, ಹತ್ತು ಪಥ. ಬಿಡದಿಗೆ ಬೈಪಾಸು, ಮದ್ದೂರಿಗೆ, ಮಂಡ್ಯಕ್ಕೆ, ಶ್ರೀರಂಗಪಟ್ಟಣಕ್ಕೆ ಬೈಪಾಸು. ರಾಮನಗರ–ಚನ್ನಪಟ್ಟಣ ಎರಡೂ ಊರಿಗೆ ಸೇರಿ 22 ಕಿಲೋಮೀಟರಿನ ಒಂದೇ ಬೈಪಾಸು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಯಾಯಿತು. 1800ರಲ್ಲಿ ಪ್ರಯಾಣಿಕರು ನಿಲ್ಲಲಿ ಅಂತ ಊರು ಕಟ್ಟಿದ್ದರು. ಈ ರಸ್ತೆಯ ಉದ್ದೇಶವೇ ಯಾರೂ ನಿಲ್ಲಬಾರದು ಅನ್ನೋದು.

ಇದನ್ನು ದೂರುವ ಹಕ್ಕು ನನಗಿಲ್ಲ. ಅದೇ ವರ್ಷ ಆಫೀಸಿನವರ ಜೊತೆ ಮೈಸೂರಿಗೆ ಔಟಿಂಗ್ ಹೊರಟಿದ್ದೆ. ಗಾಡಿಯಲ್ಲಿ ಅಂತ್ಯಾಕ್ಷರಿ. ನನ್ನ ಸರದಿ ಮುಗಿದು ಕಿಟಕಿ ಕಡೆ ತಿರುಗಿದರೆ ಮದ್ದೂರಿನ ಬೋರ್ಡು. ಚನ್ನಪಟ್ಟಣ ಹಿಂದೆ ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ಹುಟ್ಟಿದ ಊರು, ಅಪ್ಪ ಅಂಗಡಿ ತೆಗೆದು ಕೂತಿರುವ ಹೊತ್ತು. ಕಣ್ಣೆತ್ತಿ ಸಹ ನೋಡದೆ ನೂರರ ಸ್ಪೀಡಲ್ಲಿ ದಾಟಿ ಬಂದಿದ್ದೆ. ಸಂಜೆ ಫೋನ್ ಮಾಡಿದಾಗ ಮೈಸೂರಿಗೆ ಹೋಗಿದ್ದೆ ಅಂತ ಹೇಳಲಿಲ್ಲ.

ಅಮ್ಮನ ವಾದ ಬೇರೆ. "ನಿಮ್ಮಪ್ಪಂಗೆ ಬಸ್ಸು ಕಾರು ಬರ್ತಿಲ್ಲ ಅಂತ ಬೇಜಾರು. ನಾನೀಗ ಜೀವ ಕೈಲಿ ಹಿಡ್ಕೊಳ್ದಂಗೆ ರಸ್ತೆ ದಾಟ್ತೀನಿ. ಆ ಸ್ಕೂಲ್ ಮಕ್ಳು ದಾಟ್ತವೆ. ಅದ್ನ ಯಾರೂ ಬರಿಯಲ್ಲ." ಬರೆದಿದ್ದೇನೆ ನೋಡಮ್ಮ. ಅಮ್ಮ ಹೇಳೋದು ನಿಜ. ಹಳೇ ಹೆದ್ದಾರಿಯಲ್ಲಿ ಊರ ಮಧ್ಯೆ ನಡೆದ ಅಪಘಾತಗಳು ನಮಗೆಲ್ಲ ಗೊತ್ತು. ಲಾರಿ ಹಾರ್ನ್ ಇಲ್ಲದ ರಾತ್ರಿಗಳು ನಮ್ಮ ಬೀದಿಗೆ ಎಷ್ಟೋ ವರ್ಷಗಳ ನಂತರ ಬಂದಿವೆ. ಆದರೆ ಅಪ್ಪನ ಗಲ್ಲಾಪೆಟ್ಟಿಗೆಯೂ ಅಷ್ಟೇ ನಿಶ್ಶಬ್ದವಾಗಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ನನಗೆ ಬರಲ್ಲ.

ಈ ನಡುವೆ ಇನ್ನೊಂದು ಪದರವೂ ಬಿತ್ತು. 2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿಸಿ ರಾಮನಗರ ಜಿಲ್ಲೆ ಮಾಡಿದ್ದರು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಸೈಟಿನ ರೇಟು ಏರುತ್ತೆ ಅಂತ ಕೆಲವರಿಗೆ ಖುಷಿ, ಊರಿನ ಹೆಸರು ಹೋಯ್ತು ಅಂತ ಕೆಲವರಿಗೆ ಸಿಟ್ಟು. ಶಂಶೇರಾಬಾದ್, ಕ್ಲೋಸ್‌ಪೇಟೆ, ರಾಮನಗರ ನೋಡಿದ ಬಂಡೆಗೆ ಇದೂ ಒಂದು ಕೋಟು ಟಾರು ಅಷ್ಟೇ ಅಂತ ನಾನು ತಮಾಷೆ ಮಾಡಿದ್ದೆ. ಅಪ್ಪ ನಗಲಿಲ್ಲ. "ಟಾರು ಬಿದ್ದಾಗ್ಲೂ ಹಂಗೇ ಅಂದ್ಕೊಂಡಿದ್ವಿ, ಒಂದ್ ಕೋಟು ಅಂತ" ಅಂದರು.

ಈ ಮಳೆಗಾಲಕ್ಕೆ ಮುಂಚೆ ಮೇಸ್ತ್ರಿಯನ್ನು ಕರೆಸಿದೆವು. ಅವರು ಅಂಗಡಿ ನೋಡಿ ಎರಡೇ ಮಾತು ಹೇಳಿದರು. "ಒಂದಡಿ ಮಣ್ಣು ತುಂಬಿಸಿ ನೆಲ ಎತ್ತರಿಸಿ ಸ್ವಾಮಿ. ಇಲ್ಲಾ ಅಂಗಡಿ ಮುಚ್ಚಿ." ಅಪ್ಪ ಒಂದು ವಾರ ಏನೂ ಹೇಳಲಿಲ್ಲ. ಅದು ತಾತ ಹಾಕಿಸಿದ ಕೆಂಪು ರೆಡ್‌ಆಕ್ಸೈಡ್ ನೆಲ. ಗಲ್ಲಾದ ಹತ್ತಿರ ಅಪ್ಪನ ಕಾಲು ಸವೆಸಿದ ಜಾಗ ಬೆಳ್ಳಗಾಗಿದೆ. ಬೊಂಬೆ ಉರುಳಿಸಿ ಆಡುತ್ತಾ ನಾನು ಬೆಳೆದದ್ದು ಅದರ ಮೇಲೆ. ಎರಡು ಆಯ್ಕೆಯಲ್ಲಿ ನಾವು ಮೊದಲನೆಯದನ್ನೇ ಆರಿಸಿಕೊಂಡೆವು. ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ಬಂತು. ಮಧ್ಯಾಹ್ನದ ಹೊತ್ತಿಗೆ ಕೆಂಪು ನೆಲ ಕಾಣದಾಯಿತು. ಮೇಲೆ ಜಲ್ಲಿ, ಸಿಮೆಂಟು, ಅದರ ಮೇಲೆ ಬಿಳಿ ಟೈಲ್ಸು. ಬೀದಿ ಹೂತುಹೋಯಿತು ಅಂತ ಊರೆಲ್ಲ ಹುಡುಕಿಕೊಂಡು ತಿರುಗಿದವಳು ಕೊನೆಗೆ ಮಣ್ಣಿನ ದುಡ್ಡು ನಾನೇ ಗೂಗಲ್ ಪೇ ಮಾಡಿದೆ.

ನೆಲ ಮೇಲೆ ಬಂತು, ಬಾಗಿಲು ಮಾತ್ರ ಇದ್ದಲ್ಲೇ ಇದೆ. ಮೊದಲ ದಿನವೇ ಅಪ್ಪನ ಹಣೆಗೆ ಮೇಲಿನ ಪಟ್ಟಿ ಬಡಿಯಿತು. ಈಗ ಅಂಗಡಿಗೆ ಒಂದು ಮೆಟ್ಟಿಲು ಹತ್ತಬೇಕು, ಹತ್ತಿದ ಕೂಡಲೇ ತಲೆ ತಗ್ಗಿಸಬೇಕು. ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಚನ್ನಪಟ್ಟಣದ ಕಡೆ ಇಳಿಯುವ ಬೋರ್ಡು ಸಿಗುತ್ತೆ. ಇಳಿದು ಬಂದರೆ ಹತ್ತು ಹದಿನೈದು ನಿಮಿಷ ತಡ ಆಗಬಹುದು, ಅಷ್ಟೇ. ಹಳೇ ರಸ್ತೆಯಲ್ಲಿ ಎಷ್ಟು ಅಂಗಡಿಯಿದ್ದರೂ ನಮ್ಮದನ್ನು ಗುರುತು ಹಿಡಿಯೋದು ಸುಲಭ. ಬಾಗಿಲಲ್ಲಿ ಕೂತ ಒಬ್ಬ ಯಜಮಾನರು ಬಂದವರಿಗೆಲ್ಲ ಬೊಂಬೆಯ ಬೆಲೆಗಿಂತ ಮೊದಲು ಹೇಳುವ ಮಾತು ಒಂದೇ: "ನಿಧಾನ, ತಲೆ ಬಗ್ಗಿಸ್ಕೊಂಡು ಬನ್ನಿ."